ಪ್ರಾಂಶುಪಾಲರ ಬಾಯಿಗೆ ಬಿದ್ದ ಬೀಗ

ಹಲಸೂರಿನ ಚರ್ಚಿನಲ್ಲಿ ಗಂಟೆ ಹೊಡೆಯುತ್ತಿದ್ದವನ ಮಗ ಇನ್ನಾಸಪ್ಪ ಪಾದ್ರಿಯಾಗಿ, ಬೆಂಗಳೂರು ದಂಡುಪ್ರದೇಶದ ಕಥೋಲಿಕ ಕಾಲೇಜಿಗೆ ಪ್ರಾಂಶುಪಾಲರೂ ಆದರು. ಹತ್ತು ವರ್ಷ ಅಲ್ಲಿ ಅವರ ಮಾತೇ ಕಾನೂನು.

೧೯೪೨ರ ಚಳವಳಿಯಲ್ಲಿ ಯಾರೋ ಕಾಲೇಜಿನ ಪ್ರಯೋಗಶಾಲೆಗೆ ಬೆಂಕಿಯಿಟ್ಟರು. ಆಡಳಿತ ಮಂಡಳಿ ವಿದ್ಯಾರ್ಥಿ ಬೈಲಪ್ಪನ ಮೇಲೆ ತಪ್ಪು ಹೊರಿಸಿತು. ಆದರೆ ಬೆಂಕಿಯಿಟ್ಟವನು ಅದೇ ವಾರದ ಶನಿವಾರ ಚರ್ಚಿಗೆ ಪಾಪನಿವೇದನೆಗೆ ಬಂದು ಇನ್ನಾಸಪ್ಪನವರ ಕಿವಿಯಲ್ಲಿ ಎಲ್ಲವನ್ನೂ ಹೇಳಿಹೋಗಿದ್ದ. ಅಲ್ಲಿ ಕೇಳಿದ್ದನ್ನು ಪಾದ್ರಿ ಸತ್ತರೂ ಬಾಯಿಬಿಡುವಂತಿಲ್ಲ.

ಬೈಲಪ್ಪನ ತಾಯಿ ಅಕ್ಕಯಮ್ಮ ಅವರ ಕಾಲಿಗೆ ಬಿದ್ದಳು. "ನನ್ ಮಗ ಅಲ್ಲ ಸ್ವಾಮಿ. ನೀವೊಂದ್ ಮಾತ್ ಹೇಳ್ಬಿಡಿ, ಸಾಕು."

ಇನ್ನಾಸಪ್ಪನವರು ಅವಳನ್ನು ಎಬ್ಬಿಸಿ ಕಳಿಸಿದರು. ಹುಡುಗನನ್ನು ಹೊರಹಾಕುವ ಕಾಗದಕ್ಕೆ ಸಹಿ ಹಾಕಲಾರದೆ, 'ಅನಾರೋಗ್ಯ' ಎಂದು ಬರೆದು ರಾಜೀನಾಮೆ ಕೊಟ್ಟರು. ಹೊಸ ಪ್ರಾಂಶುಪಾಲರು ಮೊದಲ ಸಹಿ ಹಾಕಿದ್ದೇ ಆ ಕಾಗದಕ್ಕೆ.

ಬೀಳ್ಕೊಡುಗೆಯಲ್ಲಿ ಇನ್ನಾಸಪ್ಪನವರ ಕೊರಳಿಗೆ ಹಾರ ಹಾಕಿದವನು ಬೆಂಕಿಯಿಟ್ಟ ಹುಡುಗನೇ.