ತೊಡೆಯ ಮೇಲಿನ ಡೀಸೆಲ್ ಕ್ಯಾನು

ತುರುವೇಕೆರೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ನಮ್ಮ ಹಳೇ ಪಿಕಪ್ ಗಾಡಿ ಮುಗ್ಗರಿಸಿ ನಿಂತುಬಿಟ್ಟಿತು. ಹಿಂದೆ ಚೀಲಗಳಲ್ಲಿ ಕೊಬ್ಬರಿ. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಯನ್ನು ಆ ವಾರವಷ್ಟೇ ಸುಲಿಸಿ, ಚಿಪ್ಪು ಒಡೆಸಿದ್ದೆವು. ಮೋಡ ಹಾಕಿಕೊಂಡಿತ್ತು. ಆ ದಿನದ ಟೆಂಡರ್ ಹರಾಜಿನೊಳಗೆ ತಿಪಟೂರಿನ ಮಂಡಿ ಮುಟ್ಟಿಸದಿದ್ದರೆ ಚೀಲದಲ್ಲೇ ಬೂಷ್ಟು ಹಿಡಿಯುತ್ತದೆ ಎಂದು ಪಕ್ಕದಲ್ಲಿ ಕೂತಿದ್ದ ಅಪ್ಪನ ಭಯ, ನನ್ನದೂ.

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ತೋಟಕ್ಕೆ ನೀರು ಕಟ್ಟಿಕೊಂಡೇ ಓದಿ ಬಿ.ಎಸ್ಸಿ. ಪಾಸಾದೆ, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಗಾಡಿಯನ್ನೂ ನಾನೇ ನೋಡಿಕೊಳ್ಳುತ್ತೇನೆ. ಡೀಸೆಲ್‌ನಲ್ಲಿ ನೀರಿರಬೇಕು ಎಂದು ಫಿಲ್ಟರಿನ ಅಡಿಯ ತಿರುಪು ಸಡಿಲಿಸಿದೆ. ಬಂದದ್ದು ಶುದ್ಧ ಡೀಸೆಲ್. ಗಾಳಿ ಸೇರಿದೆ ಎಂದು ಕೈಪಂಪು ಒತ್ತಿ ಒತ್ತಿ ಗಾಳಿ ತೆಗೆದೆ. ಸ್ಟಾರ್ಟಾಯಿತು. ಗೆದ್ದೆ ಅಂದುಕೊಂಡು ಹೊರಟರೆ ಮುಂದಿನ ಏರಿನಲ್ಲಿ ಮತ್ತೆ ಅದೇ ರಾಗ. ಫಿಲ್ಟರ್ ಹೊಸದು. ಎಲ್ಲೂ ಒಂದು ಹನಿ ಸೋರಿಕೆಯಿಲ್ಲ. ಈ ಸಲ ಏನೂ ಮಾಡದೆ ಸುಮ್ಮನೆ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಕೀ ತಿರುಗಿಸಿದರೆ ಮತ್ತೆ ಸ್ಟಾರ್ಟಾಯಿತು, ಫರ್ಲಾಂಗು ಹೋಗಿ ಮತ್ತೆ ನಿಂತಿತು. ಹಾಗಾದರೆ ಮೊದಲು ನಾನು ಸರಿಮಾಡಿದ್ದಾದರೂ ಏನು? ತಲೆ ಕೆಟ್ಟು ಕೆರ ಹಿಡಿದುಹೋಯಿತು.

"ಏನ್ಲಾ ಇದು, ದನದಂಗೆ ಮೆಲುಕು ಹಾಕ್ಕಂಡು ಏಳ್ತದಲ್ಲಾ?" ಅಂದ ಅಪ್ಪ.

"ಸುಮ್ನಿರಪ್ಪ, ನಂಗೇ ತಿಳೀತಿಲ್ಲ."

"ಹಂಗಾರೆ ಬುಡು, ಕೊಬ್ರಿನ ಇಲ್ಲೇ ರೋಡ್ನಾಗೆ ಹರಡ್ಕಂಡು ಕೂತ್ಕಳಣ."

ಕೊನೆಗೆ ಟ್ಯಾಂಕಿನಿಂದ ಬರುವ ಪೈಪನ್ನು ಫಿಲ್ಟರ್ ಬಳಿ ಕಳಚಿ ಬಾಯಿಟ್ಟು ಊದಿದೆ. ಮೊದಲು ಬಿಗಿ, ಆಮೇಲೆ ಏನೋ ಸರಿದಂತಾಗಿ ಟ್ಯಾಂಕಿನೊಳಗೆ ಗುಳುಗುಳು ಸದ್ದು. ಟ್ಯಾಂಕಿನಲ್ಲೇ ಏನೋ ಇದೆ. ಎಂಜಿನ್ ಎಳೆದಾಗ ಬಂದು ಪೈಪಿನ ಬಾಯಿಗೆ ಮೆತ್ತಿಕೊಳ್ಳುತ್ತದೆ, ನಿಂತಾಗ ಕಳಚಿಕೊಳ್ಳುತ್ತದೆ. ಆದರೆ ಮುಚ್ಚಿದ ಟ್ಯಾಂಕಿಗೆ ಅದು ಬಂದದ್ದು ಹೇಗೆ?

ಚೀಲಗಳ ಸಂದಿಯಲ್ಲಿ ಟಿಲ್ಲರಿನ ಡೀಸೆಲ್ ಕ್ಯಾನು ಕಂಡಿತು. ಬೆಳಿಗ್ಗೆ ಅಪ್ಪ ಅದರಿಂದಲೇ ಗಾಡಿಗೆ ಸುರಿದಿದ್ದ. ಮುಚ್ಚಳ ಕಳೆದು ಎಷ್ಟೋ ಕಾಲವಾಗಿ, ಬಾಯಿಗೆ ತೆಂಗಿನ ನಾರಿನ ಗುಂಜು ತುರುಕಿತ್ತು. ಆ ಗುಂಜಿನಲ್ಲಿ ಈಗ ಅರ್ಧ ಮಾತ್ರ ಉಳಿದಿತ್ತು.

"ಅಪ್ಪಾ, ಮಿಕ್ಕಿದ್ ಗುಂಜೆಲ್ಲಿ?"

"ನಮ್ಮಪ್ಪನ ಕಾಲ್ದಿಂದ್ಲೂ ಗುಂಜೇ ಕಣ್ಲಾ ಇಕ್ಕೋದು. ಯಾವತ್ತೂ ಹಿಂಗಾಗಿರ್ಲಿಲ್ಲ."

"ತಾತನ ಕಾಲ್ದಾಗೆ ಗಾಡಿನ ಎತ್ತು ಎಳೀತಿದ್ವು."

ಟ್ಯಾಂಕ್ ಇಳಿಸಲು ಹೊತ್ತಿರಲಿಲ್ಲ. ಕ್ಯಾನಿನಲ್ಲಿ ಇನ್ನೂ ಡೀಸೆಲ್ ಉಳಿದಿತ್ತು. ತೋಟಕ್ಕೆ ಔಷಧಿ ಹೊಡೆಯುವ ಪೈಪು ಗಾಡಿಯಲ್ಲಿತ್ತು. ಅದರ ಒಂದು ತುದಿಯನ್ನು ಫಿಲ್ಟರಿಗೆ ಸಿಕ್ಕಿಸಿದೆ. ಇನ್ನೊಂದು ತುದಿಗೆ, ಮತ್ತೆ ಗುಂಜು ಸೇರದಂತೆ, ಅಪ್ಪನ ಟವೆಲ್ಲಿನ ತೆಳು ಚೂರು ಕಟ್ಟಿ, ಕಿಟಕಿಯಿಂದ ಒಳಗೆಳೆದು ಕ್ಯಾನಿನಲ್ಲಿ ಅದ್ದಿದೆ. ಅಪ್ಪ ಕ್ಯಾನನ್ನು ತೊಡೆಯ ಮೇಲಿಟ್ಟು ತಬ್ಬಿಕೊಂಡು ಕೂತ. ಮಂಡಿ ಮುಟ್ಟುವವರೆಗೂ ಗಾಡಿ ಎಲ್ಲೂ ನಿಲ್ಲಲಿಲ್ಲ.

"ಏನಜ್ಜ, ಡೀಸೆಲ್ನ ಮಗೀನಂಗೆ ಎತ್ಕಂಡ್ ಬಂದಿದ್ದೀಯಾ?" ಎಂದು ಮಂಡಿಯ ಹಮಾಲನೊಬ್ಬ ನಕ್ಕ.

"ನಮ್ ಹುಡ್ಗ ಓದವ್ನೆ ಕಣಪ್ಪ. ಹಿಡ್ಕ ಅಂದ, ಹಿಡ್ಕಂಡೆ."

ಟೆಂಡರಿಗೆ ಮುಂಚೆ ಚೀಲಗಳು ಇಳಿದವು. ಮಾರನೆಯ ದಿನ ಟ್ಯಾಂಕ್ ಬಿಚ್ಚಿದಾಗ ಗುಂಜು ಸಿಕ್ಕಿತು, ಆದರೆ ಒಂದು ಚಿಟಿಕೆಯಷ್ಟೇ. ಉಳಿದದ್ದು ಎಲ್ಲಿ ಹೋಯಿತೋ ಈಗಲೂ ತಿಳಿಯದು. ಇಂದಿಗೂ ತುರುವೇಕೆರೆ ದಾಟಿ ಆ ಏರು ಬಂದಾಗ ಅಪ್ಪ, ನಾನು ಇಬ್ಬರೂ ಮಾತು ನಿಲ್ಲಿಸಿ ಎಂಜಿನ್ ಸದ್ದಿಗೆ ಕಿವಿಗೊಡುತ್ತೇವೆ.