ಕಿವಿ ಮೇಷ್ಟ್ರ ಏಳನೇ ಪಾಠ

ನನ್ನ ನೂಲು-ಗುಂಡಿ ಅಂಗಡಿಯ ಎದುರಿಗೇ ಹೊಲಿಗೆ ಮೆಷಿನ್ ರಿಪೇರಿ ಮಾಡುವವರೊಬ್ಬರು ಕೂರುತ್ತಾರೆ. ಬೀದಿಯಲ್ಲಿ ಅವರಿಗೆ ಕಿವಿ ಮೇಷ್ಟ್ರು ಅಂತಲೇ ಹೆಸರು. ಮೆಷಿನ್ ತಂದಿಟ್ಟ ಕೂಡಲೇ ಬಿಚ್ಚುವವರಲ್ಲ ಅವರು. ಸ್ಕ್ರೂಡ್ರೈವರಿನ ತುದಿಯನ್ನು ಮೆಷಿನ್ನಿನ ಮೈಗೆ ಒತ್ತಿ, ಮರದ ಹಿಡಿಯನ್ನು ಕಿವಿಗೆ ಆನಿಸಿ, ಇನ್ನೊಂದು ಕೈಯಲ್ಲಿ ಚಕ್ರವನ್ನು ಮೆಲ್ಲಗೆ ತಿರುಗಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಡಾಕ್ಟರು ಕೂಡ ಎದೆಬಡಿತವನ್ನು ಅಷ್ಟು ಗಂಭೀರವಾಗಿ ಕೇಳುವುದಿಲ್ಲ. ಆಮೇಲೆ ಒಂದೇ ಮಾತು: "ಕೆಳಗಡೆ, ಎಡಕ್ಕೆ, ಎರಡನೇ ಸ್ಕ್ರೂ." ಬಿಚ್ಚಿ ನೋಡಿದರೆ ಅದೇ ಸ್ಕ್ರೂ. ಗಿರಾಕಿಗಳು ಬೆರಗಾಗುತ್ತಿದ್ದರು. ನಾನು ಮಾತ್ರ ನನ್ನ ನೂಲು ಸುತ್ತಿಕೊಂಡು ಕೂತಿರುತ್ತಿದ್ದೆ. ನಾನು ಯಾಕೆ ಬೆರಗಾಗುತ್ತಿರಲಿಲ್ಲ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಮೇಷ್ಟ್ರಿಗೆ ಒಬ್ಬಳೇ ತಂಗಿ. ಗಂಡ ತೀರಿಕೊಂಡ ಮೇಲೆ ಊರಾಚೆಯ ಒಂದು ಕೋಣೆಯ ಮನೆಯಲ್ಲಿ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿದು ಹೊಟ್ಟೆ ಹೊರೆಯುತ್ತಿದ್ದಳು. ಆರು ತಿಂಗಳಿಗೊಮ್ಮೆ ಆ ಮೆಷಿನ್ನಿನ ಹನ್ನೆರಡು ಕೆಜಿ ಕಬ್ಬಿಣವನ್ನು ಹಳೇ ಬೆಡ್‌ಶೀಟಿನಲ್ಲಿ ಕಟ್ಟಿ, ಕೂಸಿನ ಹಾಗೆ ಸೊಂಟಕ್ಕೇರಿಸಿಕೊಂಡು, ಎರಡು ಬಸ್ ಬದಲಾಯಿಸಿ ಅಣ್ಣನ ಅಂಗಡಿಗೆ ಬರುತ್ತಿದ್ದಳು.

"ಮತ್ತೆ ಹೊಲಿಗೆ ತಪ್ತಿದೆ ಕಣೋ ಅಣ್ಣ."

"ಹಳೇ ಮೆಷಿನ್ ಅಲ್ವೇನೇ, ಹಂಗೇ ಅದು. ನಾನಿದೀನಲ್ಲ, ಕೂತ್ಕೋ."

ಮೇಷ್ಟ್ರು ಟೀ ತರಿಸುತ್ತಿದ್ದರು. ಒಂದು ಗಂಟೆ ಕೆಲಸ, ಎರಡು ಗಂಟೆ ಮಾತು. ಅವಳಿಂದ ಅವರು ಒಂದು ಪೈಸೆ ಮುಟ್ಟಿದ್ದು ನಾನು ಕಾಣೆ. ಹೊರಡುವಾಗ ಅವಳು ಬೀದಿಗೆಲ್ಲ ಕೇಳುವ ಹಾಗೆ, "ನೀನಿಲ್ದಿದ್ರೆ ನನ್ ಗತಿ ಏನಾಗ್ತಿತ್ತೋ!" ಅನ್ನುವಳು. ಮೇಷ್ಟ್ರು ತಲೆ ತಗ್ಗಿಸಿ ಮೆಷಿನ್ ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು. ವರ್ಷಕ್ಕೆ ಎರಡು ದಿನ ಆ ಮನುಷ್ಯನ ಮುಖ ನೋಡುವ ಹಾಗಿರುತ್ತಿತ್ತು.

ವಯಸ್ಸಾದ ಹಾಗೆ ಕಿವಿ ನೆಟ್ಟಗೇ ಉಳಿಯಿತು, ಕಣ್ಣು ಕೈ ಕೊಟ್ಟಿತು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯತೊಡಗಿದರು. ಆಗ ಬಂದವನು ಅಳಿಯ. ಮಗಳ ಗಂಡ, ಮೊಬೈಲ್ ಕವರ್ ಮಾರುವ ಅಂಗಡಿಯಲ್ಲಿ ಕೆಲಸ, ಬಾಯಿಬಿಟ್ಟರೆ ದೊಡ್ಡ ದೊಡ್ಡ ಮಾತು.

"ಮಾವ, ಕೈ ಎಷ್ಟು ದಿನ ದುಡಿಯುತ್ತೆ? ತಲೇಲಿರೋದನ್ನ ಮಾರಿ. ಒಂದ್ಸಲ ವಿಡಿಯೋ ಮಾಡಿಟ್ರೆ ಮುಗೀತು. ನೀವು ಮಲಗಿದ್ರೂ ಅದು ಮಾರಾಟ ಆಗ್ತಾನೇ ಇರುತ್ತೆ."

"ನನ್ನ ತಲೇಲಿ ಇರೋದು ಯಾರಿಗಪ್ಪ ಬೇಕು?"

"ಸಾವಿರಾರು ಜನಕ್ಕೆ ಬೇಕು. ಅವರಿಗೆ ಅದು ಇನ್ನೂ ಗೊತ್ತಿಲ್ಲ ಅಷ್ಟೆ."

ಫೋನನ್ನು ಏಣಿಗೆ ಕಟ್ಟಿದರು. ಕಟ್ಟಲು ದಾರ ನನ್ನ ಅಂಗಡಿಯದು. ಉಂಡೆಗೆ ಏನಿದೆಯೋ ಅದೇ ರೇಟು ಹಾಕಿದೆ. ಮೊದಲ ವಿಡಿಯೋದಲ್ಲಿ ಮೇಷ್ಟ್ರು ಪೊಲೀಸರ ಮುಂದೆ ಹೇಳಿಕೆ ಕೊಡುವವರ ಹಾಗೆ ಬೆವರಿಬಿಟ್ಟರು.

"ಮಾವ, ಸ್ವಲ್ಪ ನಗಿ."

"ಯಾಕೆ ನಗ್ಬೇಕು? ಮೆಷಿನ್ ಕೆಟ್ಟಿದೆ."

ನಾಲ್ಕು ದಿನ ಒದ್ದಾಡಿ ಅಳಿಯ ಕೊನೆಗೆ, "ಮುಖ ಬೇಡ ಬಿಡಿ. ಕೈ ಸಾಕು" ಅಂದ. ಫೋನನ್ನು ಇಳಿಸಿ ಬೆರಳುಗಳ ಹತ್ತಿರ ತಂದ. ಅಲ್ಲಿಂದ ಮುಂದೆ ಮೇಷ್ಟ್ರು ಫೋನ್ ಇರುವುದನ್ನೇ ಮರೆತು ಕೆಲಸ ಮಾಡಿದರು, ಪಕ್ಕದ ಗೋಡೆಗೆ ಹೇಳಿದ ಹಾಗೆ ಪಾಠ ಹೇಳಿದರು. ಹನ್ನೆರಡು ಪಾಠದ ಕೋರ್ಸು. ದುಡ್ಡು ಕಟ್ಟಿದವರಿಗೆ ಮಾತ್ರ; ರುಚಿ ತೋರಿಸಲೆಂದು ಏಳನೇ ಪಾಠ ಮಾತ್ರ ಎಲ್ಲರಿಗೂ ಪುಕ್ಕಟೆ.

ಎರಡು ತಿಂಗಳು ಒಂದು ನೊಣವೂ ಹಾಯಲಿಲ್ಲ. ಆಮೇಲೆ ಎಲ್ಲಿಂದಲೋ ಒಬ್ಬ, ಅವನ ಮಾತು ಕೇಳಿ ಹತ್ತು ಜನ. ವರ್ಷ ತುಂಬುವಷ್ಟರಲ್ಲಿ ಶಿಷ್ಯರು ಮುನ್ನೂರು ದಾಟಿದರು. ಮುಖ ಕಾಣದವರು "ಗುರುಗಳೇ" ಅಂತ ಬರೆಯುತ್ತಿದ್ದರು. ಮೇಷ್ಟ್ರು ಹೊಸ ಕನ್ನಡಕ ಮಾಡಿಸಿದರು, ಬೋರ್ಡು ಬದಲಾಯಿಸಿದರು. ಬೀದಿಯ ಉಳಿದ ಮೆಕ್ಯಾನಿಕ್ಕುಗಳಿಗೆ ಹೊಟ್ಟೆ ಉರಿಯಿತು.

"ಏನ್ ಮೇಷ್ಟ್ರೇ, ಮನೆ ಬೀಗದ ಕೈನೇ ಊರಿಗೆಲ್ಲ ಹಂಚ್ತಾ ಇದೀರಂತೆ?"

"ಗೊತ್ತಿರೋದನ್ನ ಮುಚ್ಚಿಟ್ಕೊಂಡು ಸಾಯ್ಲೇನಯ್ಯ? ನಾನು ಎಲ್ಲಾನೂ ಬಿಚ್ಚಿ ತೋರಿಸಿದೀನಿ. ಒಂದೇ ಒಂದು ಬಚ್ಚಿಟ್ಟಿಲ್ಲ" ಅಂದರು ಮೇಷ್ಟ್ರು ಎದೆಯುಬ್ಬಿಸಿ. ಅಷ್ಟು ಸತ್ಯವಾದ ಮಾತನ್ನು ಅವರು ಜೀವನದಲ್ಲಿ ಇನ್ನೊಂದು ಆಡಿರಲಿಕ್ಕಿಲ್ಲ.

ಅದೊಂದು ಮಧ್ಯಾಹ್ನ. ತಂಗಿ ಬಂದಿದ್ದಳು. ಅವಳ ಮೆಷಿನ್ ರಿಪೇರಿ ಮುಗಿದು ಮೇಜಿನ ಮೇಲಿತ್ತು, ಬೆಡ್‌ಶೀಟು ಪಕ್ಕದಲ್ಲಿ. ನಾನು ಬಾಬಿನ್ ಕೊಡಲು ಹೋದವನು ಟೀ ಆಸೆಗೆ ಅಲ್ಲೇ ಕೂತಿದ್ದೆ. ಅಳಿಯ ಫೋನ್ ಹಿಡಿದು ಬಂದ. "ಮಾವ, ನಿಮ್ಮ ಶಿಷ್ಯ ಒಬ್ಬ ಏನೋ ಕೇಳಿದಾನೆ. ಏಳನೇ ಪಾಠದ ಕೆಳಗೆ ಬರ್ದಿದಾನೆ" ಅಂದ.

"ಜೋರಾಗಿ ಓದಪ್ಪ, ನಿಮ್ಮತ್ತೆನೂ ಕೇಳ್ಲಿ" ಅಂದರು ಮೇಷ್ಟ್ರು. ತಂಗಿಯ ಮುಂದೆ ಗುರುಗಳಾಗುವ ಆಸೆ.

ಅಳಿಯ ಓದಿದ: "ಗುರುಗಳೇ, ನೀವು ತೋರಿಸಿದ ಹಾಗೇ ಒಂದೂ ಬಿಡದೆ ಮಾಡುತ್ತಿದ್ದೇನೆ. ನಲವತ್ತು ಮೆಷಿನ್ ರಿಪೇರಿ ಮಾಡಿದೆ. ಐದಾರು ತಿಂಗಳಿಗೆ ಎಲ್ಲವೂ ಹೊಲಿಗೆ ತಪ್ಪಿ ವಾಪಸ್ ಬರುತ್ತಿವೆ. ಈ ಪಾಠದ ಕೊನೆಯಲ್ಲಿ, ಕೆಳಗಿನ ಸ್ಕ್ರೂ ಬಿಗಿ ಮಾಡಿ, ಹೊಲಿದು ಪರೀಕ್ಷೆ ಮಾಡಿದ ಮೇಲೆ, ನೀವು ಅದನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸುತ್ತೀರಿ. ಅದರ ಬಗ್ಗೆ ಬಾಯಲ್ಲಿ ಏನೂ ಹೇಳಿಲ್ಲ. ನಾನೂ ಹಾಗೇ ತಿರುಗಿಸುತ್ತಿದ್ದೇನೆ. ಅದು ಯಾಕೆ ಅಂತ ದಯವಿಟ್ಟು ತಿಳಿಸಿಕೊಡಿ."

"ನಾನು ಹಂಗೆ ಮಾಡಲ್ಲ" ಅಂದರು ಮೇಷ್ಟ್ರು.

ಅಳಿಯ ಆ ಜಾಗವನ್ನೇ ಹುಡುಕಿ ಹಾಕಿದ. ಮೇಷ್ಟ್ರು ಫೋನನ್ನು ಮೂಗಿನ ತನಕ ತಂದರು, ಹೊಸ ಕನ್ನಡಕ ಇದ್ದರೂ ಅವರಿಗೆಲ್ಲಿ ಕಾಣಬೇಕು? ತಂಗಿ ಬಗ್ಗಿ ನೋಡಿದಳು. ನಾನೂ ನೋಡಿದೆ. ಬಿಗಿ ಮಾಡಿತು ಕೈ, ಹೊಲಿದು ನೋಡಿತು ಕೈ, ಆಮೇಲೆ ಯಾರನ್ನೂ ಕೇಳದೆ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿತು. ಗಡಿಯಾರದ ಮುಳ್ಳು ಹನ್ನೆರಡರಿಂದ ಒಂಬತ್ತಕ್ಕೆ ವಾಪಸ್ ಬಂದಷ್ಟು.

ನಾನು ಬೆರಗಾಗದಿದ್ದದ್ದು ಇದಕ್ಕೇ. ಮೇಷ್ಟ್ರಿಗೆ ಕೆಲಸ ಕಲಿಸಿದ ಹಿರಿಯ ಮೆಕ್ಯಾನಿಕ್ ಇದನ್ನೂ ಕಲಿಸಿದ್ದ: ಗಿರಾಕಿ ಅಂಗಡಿಯ ದಾರಿ ಮರೆಯದಿರಲಿ ಅಂತ. ತಾನೇ ಸಡಿಲ ಮಾಡಿದ ಸ್ಕ್ರೂವನ್ನು ಆರು ತಿಂಗಳ ಮೇಲೆ ಕಿವಿಯಿಟ್ಟು ಕಂಡುಹಿಡಿಯುವುದು ಎಷ್ಟರ ವಿದ್ಯೆ? ವಾಪಸ್ ಬಂದ ಪ್ರತಿ ಮೆಷಿನ್ನಿಗೂ ಬಾಬಿನ್, ಸೂಜಿ ಹೋಗುತ್ತಿದ್ದದ್ದು ನನ್ನ ಅಂಗಡಿಯಿಂದ. ವ್ಯಾಪಾರ ನಡೆಯುವಾಗ ಬಾಯಿಬಿಡುವಷ್ಟು ದಡ್ಡ ನಾನಲ್ಲ.

ತಂಗಿ ತನ್ನ ಮೆಷಿನ್ನನ್ನು ಮಗ್ಗುಲಿಗೆ ಮಲಗಿಸಿದಳು. ಸ್ಕ್ರೂಡ್ರೈವರ್ ತಗೊಂಡು, ಕೆಳಗಿನ ಸ್ಕ್ರೂಗೆ ಇಟ್ಟು ಬಿಗಿಯ ಕಡೆಗೆ ತಿರುಗಿಸಿದಳು. ಅದು ಕಾಲು ಸುತ್ತು ತಿರುಗಿ ನಿಂತಿತು.

"ನಂದಕ್ಕೂ?" ಅಂದಳು.

"ಬೇಕಂತ ಅಲ್ಲ ಕಣೇ... ಕೈಗೆ ಅಭ್ಯಾಸ..."

"ಊರಿನವರ ಹತ್ರ ದುಡ್ಡು ತಗೋತೀಯ, ಸರಿ. ನನ್ ಹತ್ರ ಏನು ತಗೊಳ್ತಿದ್ದೆ? ಮತ್ತೆ ನಂದ್ಯಾಕೋ ಸಡಿಲ ಮಾಡ್ದೆ?"

ಮೇಷ್ಟ್ರು ಬಟ್ಟೆ ತಗೊಂಡು ಮೇಜು ಒರೆಸತೊಡಗಿದರು.

"ಹದಿನಾಲ್ಕು ವರ್ಷ ಕಣೋ. ಆ ಶಾಲೆಯವರು ಹೊಲಿಗೆ ಬಿಟ್ಟೋಯ್ತು ಅಂತ ಇನ್ನೂರು ಪ್ಯಾಂಟ್ ನನ್ನ ಮುಖಕ್ಕೆ ಎಸೆದಿದ್ರಲ್ಲ, ಅವತ್ತು ಇಲ್ಲೇ, ಇದೇ ಸ್ಟೂಲಿನ ಮೇಲೆ ಕೂತು ಅತ್ತಿದ್ದೆ. ನೀನು ಟೀ ತರಿಸಿದ್ದೆ. ಆಮೇಲೆ ರಿಪೇರಿ ಮಾಡಿ ಮತ್ತೆ ಸಡಿಲ ಮಾಡಿ ಕಳಿಸ್ದೆ." ಅವಳ ದನಿ ಏರಲೇ ಇಲ್ಲ. "ನಾನು ಬರ್ತಿರ್ಲಿ ಅಂತಾನಾ? ಬಾ ಅಂದಿದ್ರೆ ಬರ್ತಿದ್ದೆನಲ್ಲೋ ಅಣ್ಣ. ಬರಿಗೈಲಿ ಬರ್ತಿದ್ದೆ."

ಬೆಡ್‌ಶೀಟಿನಲ್ಲಿ ಮೆಷಿನ್ ಕಟ್ಟಿದಳು. ಎತ್ತಿಕೊಡಲು ಮೇಷ್ಟ್ರು ಎದ್ದರೆ, "ಮುಟ್ಬೇಡ" ಅಂದಳು.

ಬಾಗಿಲ ಹತ್ತಿರ ಅಳಿಯ ಅಡ್ಡ ನಿಂತ. "ಅತ್ತೆ, ಒಂದ್ನಿಮಿಷ. ಈಗ ಹೇಳಿದ್ರಲ್ಲ, ಅದನ್ನೇ ಇನ್ನೊಂದ್ಸಲ ಹೇಳ್ತೀರಾ? ರೆಕಾರ್ಡ್ ಆಗ್ಲಿಲ್ಲ."

ಅವಳು ಅವನನ್ನು ನೋಡಿದ ರೀತಿಗೆ ಅವನು ತಾನಾಗೇ ಪಕ್ಕಕ್ಕೆ ಸರಿದ.

ಆ ಶಿಷ್ಯನ ಪ್ರಶ್ನೆ ಅಷ್ಟರಲ್ಲಿ ಎಲ್ಲರ ಕಣ್ಣಿಗೂ ಬಿದ್ದಿತ್ತು. ಯಾರೋ ಆ ಕಾಲು ಸುತ್ತನ್ನಷ್ಟೇ ಕತ್ತರಿಸಿ, ದೊಡ್ಡದು ಮಾಡಿ ಹಾಕಿದರು. ಲಕ್ಷಗಟ್ಟಲೆ ಜನ ನೋಡಿದರು. ಮುನ್ನೂರು ಶಿಷ್ಯರು ತಮಗೇ ತಿಳಿಯದೆ ಎಷ್ಟು ಮನೆಯ ಮೆಷಿನ್ ಕೆಡಿಸಿದ್ದರೋ! "ಗುರುಗಳೇ" ಅಂದವರ ಬಾಯಲ್ಲಿ ಈಗ ಬರೆಯಲಾಗದ ಮಾತು. ಅಂಗಡಿಗೆ ಮೆಷಿನ್ ಬರುವುದು ನಿಂತಿತು.

ಅಳಿಯ ಮಾತ್ರ ಹುರುಪಿನಲ್ಲಿದ್ದ. "ಮಾವ, ನಿಮ್ಮ ವಿದ್ಯೆ ಬೇಕಾಗಿದ್ದು ಮುನ್ನೂರು ಜನಕ್ಕೆ. ನಿಮ್ಮ ಮೋಸ ಊರಿಗೆಲ್ಲ ಬೇಕು!" ಫೋನಿನಲ್ಲಿ ಓದುವಂಥ ಒಂದು ಪುಸ್ತಕ ಮಾಡಿ ಮಾರೋಣ ಅಂದ. ಹೆಸರು: ಮೆಕ್ಯಾನಿಕ್ ನಿಮಗೆ ಮೋಸ ಮಾಡುವ ಹನ್ನೆರಡು ಬಗೆ.

ತೊಂದರೆ ಏನೆಂದರೆ ಮೇಷ್ಟ್ರಿಗೆ ಗೊತ್ತಿದ್ದದ್ದು ಒಂದೇ ಬಗೆ. ಉಳಿದ ಹನ್ನೊಂದನ್ನು ಪಾಪ ಕೂತು ಯೋಚಿಸಬೇಕಾಯಿತು. ಏಳಕ್ಕೆ ನಿಂತುಹೋಗಿ ನನ್ನ ಅಂಗಡಿಗೆ ಬಂದರು. "ಸಾವ್ಕಾರ್ರೇ, ಇನ್ನೈದು ಬೇಕಿತ್ತು." ನೂಲಿನ ವ್ಯಾಪಾರದಲ್ಲಿ ಇರುವಂಥ ಮೂರನ್ನು ಕೊಟ್ಟೆ, ಸ್ವಲ್ಪ ತಿದ್ದಿಕೊಳ್ಳಿ ಅಂದೆ. ಎರಡನ್ನು ಅಳಿಯ ಸ್ವಂತ ಅನುಭವದಿಂದ ಸೇರಿಸಿದ. ಕೋರ್ಸು ವರ್ಷದಲ್ಲಿ ಹೋದದ್ದಕ್ಕಿಂತ ಹೆಚ್ಚು ಪುಸ್ತಕ ವಾರದಲ್ಲಿ ಹೋಯಿತು. ಬೀದಿಯ ಮೆಕ್ಯಾನಿಕ್ಕುಗಳು ಹೆಸರೂ ಕೇಳದ ಮೋಸಕ್ಕೆಲ್ಲ ಬೈಸಿಕೊಂಡರು. ಅವರಲ್ಲಿ ಇಬ್ಬರು ಪುಸ್ತಕ ಕೊಂಡು ಹೊಸದಾಗಿ ಕಲಿತರು ಅಂತಲೂ ಸುದ್ದಿ.

ಪುಸ್ತಕದ ಮುಖಪುಟದಲ್ಲಿ ಅಳಿಯ ಇನ್ನೊಂದು ಸಾಲು ಸೇರಿಸಿದ್ದ: ಸ್ವಂತ ತಂಗಿಯನ್ನೂ ಬಿಡದವನ ತಪ್ಪೊಪ್ಪಿಗೆ.

"ಆ ಸಾಲು ತೆಗೆದ್ಬಿಡಪ್ಪ" ಅಂದರು ಮೇಷ್ಟ್ರು.

"ಮಾರಾಟ ಆಗ್ತಿರೋದೇ ಆ ಸಾಲು, ಮಾವ."

ಸಾಲು ಉಳಿಯಿತು. ಮನೆಯ ಒಲೆ ಅದರಿಂದಲೇ ಉರಿಯುತ್ತಿರುವಾಗ ಮೇಷ್ಟ್ರು ಮತ್ತೆ ಕೇಳಲಿಲ್ಲ.

ತಿಂಗಳಿಗೊಮ್ಮೆ ತಂಗಿಯ ಮನೆಗೆ ನೂಲು ಕೊಡಲು ನಾನೇ ಹೋಗುತ್ತೇನೆ. ಹೊರಡುವಾಗ ಮೇಷ್ಟ್ರು ಅಂಗಡಿಯಿಂದ ಇಳಿದು ಬರುತ್ತಾರೆ. "ಮೆಷಿನ್ ಹೇಗಿದೆ ಅಂತ ಒಂದು ಮಾತು ಕೇಳಿ ಸಾವ್ಕಾರ್ರೇ." ಕೇಳುತ್ತೇನೆ. ಅವಳು ಪೆಡಲಿನಿಂದ ಕಾಲು ತೆಗೆಯುವುದಿಲ್ಲ, ತಲೆ ಎತ್ತುವುದಿಲ್ಲ. "ಚೆನ್ನಾಗಿದೆ ಅಂತ ಹೇಳಿ."

ಆರು ತಿಂಗಳಾಯಿತು. ವರ್ಷವಾಯಿತು. ಮೊನ್ನೆಯೂ ಬಂದು ಹೇಳಿದೆ.

"ಚೆನ್ನಾಗಿದೆಯಂತೆ."

"ಸದ್ದು ಏನಾದ್ರೂ ಮಾಡುತ್ತಾ?"

"ಇಲ್ಲ."

"ಒಂಚೂರೂ?"

"ಒಂಚೂರೂ ಇಲ್ಲ ಮೇಷ್ಟ್ರೇ. ಬೆಣ್ಣೆ ಹಾಗೆ ಓಡ್ತಿದೆ."

ತಲೆಯಾಡಿಸಿದರು. ಒಳಗೆ ಹೋಗಿ, ಬಟ್ಟೆ ತಗೊಂಡು, ಏನೂ ಇಲ್ಲದ ಮೇಜನ್ನು ಒರೆಸತೊಡಗಿದರು.