ಒಂದು ಹಾರ್ನ್ ಅಂದರೆ ಹೌದು

ನನ್ನ ಅತ್ತೆಯ ಬಲಗಿವಿಯ ಹಾಲೆ ಕೆಳತುದಿಯವರೆಗೂ ಸೀಳಿತ್ತು. ಹೆಲ್ಮೆಟ್ ಹಾಕಿಕೊಳ್ಳುವಾಗ ಜೋತಾಡುವ ಆ ಎರಡು ತುಂಡುಗಳನ್ನು ಅವರು ಬೆರಳಿನಿಂದ ಒಳಗೆ ತುರುಕಿಕೊಳ್ಳುತ್ತಿದ್ದರು, ಚೀಲದಿಂದ ಹೊರಬಂದ ಮೀನಿನ ಬಾಲವನ್ನು ತುರುಕಿದ ಹಾಗೆ. ಸೀಳಿದ್ದು ಗಾಳ ಸಿಕ್ಕಿ ಎಂದು ಅತ್ತೆ ಹೇಳುತ್ತಿದ್ದರು. ಮಾವ ಓಲೆ ಹಿಡಿದು ಎಳೆದದ್ದು ಎಂದು ನಾದಿನಿ. ಓಲೆಯ ಭಾರಕ್ಕೆ ಯಾರ ಕಿವಿಯಾದರೂ ಹರಿಯುತ್ತದೆ ಎಂದು ನನ್ನ ಗಂಡ. ಈ ಮನೆಯಲ್ಲಿ ಯಾವ ನೆನಪೂ ಒಂದೇ ಥರ ಇಲ್ಲ. ನನ್ನದೂ ಇಲ್ಲ. ಕಿವಿ ಸೀಳಿತ್ತು ಎನ್ನುವಷ್ಟಕ್ಕೆ ಮಾತ್ರ ನಾನು ಜವಾಬ್ದಾರಳು.

ಹೊನ್ನಾವರದ ಹೊಳೆಯಾಚೆಯ ಕಾಸರಕೋಡಿನಲ್ಲಿ ಅವರದು ಒಣಮೀನಿನ ವ್ಯಾಪಾರ. ಮಾಲು ಟೆಂಪೋದಲ್ಲಿ ಹೋಗುತ್ತಿತ್ತು. ಅದರ ಹಿಂದೆ ದರಕ್ಕೆ ಜಗಳ ಮಾಡಲು ನಾವಿಬ್ಬರು ಬೈಕಿನಲ್ಲಿ ಹೋಗುತ್ತಿದ್ದೆವು, ಒಂದು ದಿನ ಭಟ್ಕಳಕ್ಕೆ, ಒಂದು ದಿನ ಕುಮಟೆಗೆ. ಗಂಡ ಬೋಟಿನಲ್ಲಿ ಸಮುದ್ರದ ಮೇಲೇ ಇರುವವನು. ಅವನ ಬೈಕನ್ನು ನಾನು ಓಡಿಸುತ್ತಿದ್ದೆ. ಸೊಸೆ ಬೈಕು ಓಡಿಸುವುದೇ ಎಂದು ಪಕ್ಕದ ಮನೆಯವಳು ಮೂಗು ಮುರಿದಾಗ ಅತ್ತೆ ಬೀದಿಯಲ್ಲಿ ನಿಂತು ಉತ್ತರ ಕೊಟ್ಟಿದ್ದರು: "ಅದ್ಕೆ ಓಡ್ಸೂಕೆ ಬರ್ತದೆ, ಓಡ್ಸ್ತದೆ. ನಿನ್ನ ಮಗನಿಗೆ ಉಣ್ಣೂದು ಬಿಟ್ರೆ ಎಂತ ಬರ್ತದೆ, ಹೇಳು?"

ನನ್ನ ಪರವಾಗಿ ಅವರು ಆಡಿದ ಮಾತು ಇದೊಂದೇ. ಇನ್ನೊಂದು ಇತ್ತೇನೋ ಎಂದು ಬಹಳ ಹುಡುಕಿದ್ದೇನೆ.

ಓಡುವ ಬೈಕಿನಲ್ಲಿ ಬೈಗುಳ ಗಾಳಿಗೆ ಹಾರಿಹೋಗುತ್ತಿತ್ತು. ಅವರಿಗೆ ಅದನ್ನು ಸಹಿಸಲಾಗಲಿಲ್ಲ. ಮಗನಿಗೆ ಹೇಳಿ ಹೆಲ್ಮೆಟ್ಟಿನೊಳಗೆ ಕೂರಿಸುವ ಬ್ಲೂಟೂತ್ ಹೆಡ್‌ಸೆಟ್ಟಿನ ಜೋಡಿಯನ್ನು ತರಿಸಿದರು. ಒಂದು ಅವರಿಗೆ, ಒಂದು ನನಗೆ. ಕಿವಿಗೆ ಸ್ಪೀಕರು, ಬಾಯಿಯ ಮುಂದೆ ಕಡ್ಡಿಯಂಥ ಮೈಕು.

ಬೆಳಿಗ್ಗೆ ಎರಡು ಹೆಲ್ಮೆಟ್ಟುಗಳನ್ನು ಜಗಲಿಯ ಮೇಲೆ ಎದುರುಬದುರು ಇಟ್ಟು ಪೇರ್ ಮಾಡಬೇಕಿತ್ತು. ಕೆಂಪು, ನೀಲಿ ದೀಪ ಮಿಣುಕುತ್ತ ಒಂದನ್ನೊಂದು ಹುಡುಕುತ್ತಿದ್ದವು. ಕೆಲವು ದಿನ ಸಿಗುತ್ತಲೇ ಇರಲಿಲ್ಲ. ಹಳೆಯ ಜೋಡಣೆಯನ್ನೆಲ್ಲ ಅಳಿಸಿ ಮೊದಲಿನಿಂದ ಶುರುಮಾಡುತ್ತಿದ್ದೆ. "ಇವಕ್ಕೆ ದಿನಾ ಹೊಸಾ ಮದುವೆ ಮಾಡ್ಬೇಕಾ?" ಎಂದು ಅತ್ತೆ ಎಲೆಯಡಿಕೆ ಉಗಿಯುತ್ತಿದ್ದರು. ನಡುವೆ ಫೋನು ಬಂದರೆ ನಮ್ಮಿಬ್ಬರ ಲೈನು ಕಡಿದು, ಮತ್ತೆ ಕೂಡಿಕೊಳ್ಳಲು ಹೊತ್ತು ಹಿಡಿಯುತ್ತಿತ್ತು. ಕಡಲಗಾಳಿಯ ಉಪ್ಪಿಗೆ ಚಾರ್ಜರಿನ ಪಿನ್ನುಗಳು ಹಸಿರುಗಟ್ಟುತ್ತಿದ್ದವು; ಲಿಂಬೆಹುಳಿ ಹಚ್ಚಿ ಉಜ್ಜುತ್ತಿದ್ದೆ. ಯಾವ ದೋಷವಾದರೂ ಅತ್ತೆಯ ತೀರ್ಪು ಒಂದೇ: "ನೀನೇ ಬಂದ್ ಮಾಡಿದ್ದು."

ಒಂದು ಮಳೆಯಲ್ಲಿ ನನ್ನ ಮೈಕಿನ ಸ್ಪಂಜಿನ ಟೊಪ್ಪಿ ಕಳೆದುಹೋಯಿತು. ಬೈಕು ವೇಗ ಹಿಡಿದ ಕೂಡಲೇ ನನ್ನ ಮೈಕಿಗೆ ಬಡಿದ ಗಾಳಿ ಅವರ ಕಿವಿಯಲ್ಲಿ ಭೋರೆನ್ನತೊಡಗಿತು. ಹತ್ತಿ ಸುತ್ತಿದೆ. ಹಳೆಯ ಕಾಲುಚೀಲದ ತುಂಡು ಕಟ್ಟಿದೆ. ಗಾಳಿ ಅರ್ಧ ತಗ್ಗಿತು, ಬೈಗುಳ ತಗ್ಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅತ್ತೆ ನನ್ನ ಹೆಲ್ಮೆಟ್ಟನ್ನು ತೋಳಿಗೆ ಸಿಕ್ಕಿಸಿಕೊಂಡು ಬಂದರಿನ ಕಡೆ ನಡೆದರು. ಅಲ್ಲಿ ಫೈಬರ್ ದೋಣಿಗಳ ಬಿರುಕಿಗೆ ರೆಸಿನ್ ಅಂಟು ತುಂಬುವವನಿದ್ದ. ವಾಪಸು ಬಂದಾಗ ನನ್ನ ಮೈಕಿನ ತುದಿಯಲ್ಲಿ ಹಳದಿ ಬಣ್ಣದ ಗಟ್ಟಿ ಮಣಿಯೊಂದು ಕೂತಿತ್ತು.

ಹಾಕಿಕೊಂಡು ಮಾತಾಡಿದೆ. ಅವರು ಹಿಂದೆ ಕೂತು ತಲೆಯಾಡಿಸಿದರು. "ಆತು. ಗಾಳಿ ಇಲ್ಲ."

ಹೆಲ್ಮೆಟ್ ತೆಗೆದು ಕೇಳಿದೆ: "ನನ್ನ ಮಾತು ಕೇಳ್ತದಾ ಅತ್ತೆ?"

"ಅದೂ ಇಲ್ಲ."

"ನಂಗೆ ಎಂತಾದ್ರೂ ಹೇಳ್ಬೇಕಾದ್ರೆ?"

"ನೀ ಹೇಳೂದು ಎಂತ ಉಂಟು? ದಾರಿ ನಾ ಹೇಳ್ತೆ. ಹೌದಾದ್ರೆ ಒಂದು ಹಾರ್ನ್ ಹೊಡಿ."

"ಇಲ್ಲ ಅಂದ್ರೆ?"

"ಇಲ್ಲ ಅನ್ನೂಕೆ ಹಾರ್ನ್ ಇಲ್ಲ."

ತಿಳಿದೇ ಮಾಡಿಸಿದರೋ, ಗಾಳಿ ನಿಲ್ಲಿಸಲು ಹೋಗಿ ಹಾಗಾಯಿತೋ? ರೆಸಿನ್ ತುಂಬಿದವನನ್ನು ವಿಚಾರಿಸಿದೆ. "ತೂತು ಮುಚ್ಚು ಅಂದ್ರು, ಮುಚ್ಚಿದೆ. ದೋಣಿಗೂ ನಾನು ಮಾಡೂದು ಅದೇ ಅಲ್ದಾ ಅಕ್ಕಾ?" ಎಂದ.

ಅಂದಿನಿಂದ ಅವರ ದನಿ ಮಾತ್ರ ಒಂದೇ ದಿಕ್ಕಿಗೆ ಹರಿಯಿತು, ಹಿಂದಿನ ಸೀಟಿನಿಂದ ನನ್ನ ಎರಡೂ ಕಿವಿಗಳಿಗೆ. ಖಾಲಿ ರಸ್ತೆಯಲ್ಲಿ ಪೇಂ ಎನ್ನಿಸಿಕೊಂಡು ಹೋಗುವ ನನ್ನನ್ನು ನೋಡಿ ಹೊಳನಗದ್ದೆಯಲ್ಲಿ ಗದ್ದೆಯಂಚಿನ ಮುದುಕನೊಬ್ಬ, "ಯಾರಿಗೆ ಹೊಡಿತ್ಯೇ? ರಸ್ತೆ ಪೂರ್ತಿ ನಿಂದೇ!" ಎಂದು ಕೂಗಿದ್ದ. ಅವನಿಗೇನು ಗೊತ್ತು, ಆಗ ನನ್ನ ಕಿವಿಯಲ್ಲಿ ಯಾವ ಪ್ರಶ್ನೆ ಇತ್ತೆಂದು. "ನಿನ್ನ ಅವ್ವಿ ನಿಂಗೆ ಎಂತದೂ ಕಲ್ಸಲಿಲ್ಲ, ಅಲ್ದಾ?" ಹಾರ್ನ್ ಹೊಡೆಯದಿದ್ದರೆ ಮತ್ತೆ ಅದೇ. "ಅಲ್ದಾ? ಏ ಹೆಣ್ಣೆ, ಅಲ್ದಾ?" ಕುಮಟೆ ಬಿಟ್ಟಲ್ಲಿಂದ ಶುರುವಾದ ಪ್ರಶ್ನೆ ಹೊನ್ನಾವರ ಬಂದರೂ ನಿಲ್ಲಲಿಲ್ಲ. ಕೊನೆಗೆ ಹಾರ್ನ್ ಹೊಡೆದೆ. ನನ್ನ ತಾಯಿಯ ಮೇಲೆ ನಾನೇ ಒತ್ತಿದ ಹಾರ್ನ್ ಅದು. ಬೆನ್ನ ಹಿಂದೆ ಅವರು ನಕ್ಕದ್ದು ಸ್ಪಷ್ಟವಾಗಿ ಕೇಳಿಸಿತು. ಆ ದಿನ ಹೆಡ್‌ಸೆಟ್ ಬಹಳ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ವ್ಯಾಪಾರ ಕಲಿತದ್ದೂ ಅದೇ ದನಿಯಿಂದ. ಬಂಗಡೆಯನ್ನು ಬಗ್ಗಿಸಿ ನೋಡು, ಮೂಸಿ ನೋಡು, ಮಾರುವವನ ಮುಖ ನೋಡಬೇಡ. "ಉಪ್ಪು ಹೆಚ್ಚಿದ್ದಲ್ಲಿ ಹಾಳು ಮೀನು ಇರ್ತದೆ. ಮಳ್ಳಿ, ನೆನಪಿಟ್ಕೋ." ಮಳ್ಳಿ ಎನ್ನುವುದನ್ನು ಬಿಟ್ಟು ಉಳಿದದ್ದನ್ನು ಮಾತ್ರ ನೆನಪಿಟ್ಟುಕೊಳ್ಳಲು ಪ್ರಯತ್ನಿಸಿದ್ದೇನೆ. ಬಿಡಿಸಲು ಬರುವುದಿಲ್ಲ.

ನನಗೆ ನನ್ನ ಬಾಯಿ ವಾಪಸು ಬೇಕಿತ್ತು. ದೊಡ್ಡ ಮಾತುಗಳಿಗಲ್ಲ. 'ನೀರು ಕುಡೀತ್ರಾ' ಎಂದು ಕೇಳಲು, 'ಇಲ್ಲ' ಎನ್ನಲು. ಭಟ್ಕಳದ ಮೊಬೈಲು ಅಂಗಡಿಯವನಿಗೆ ಹೆಲ್ಮೆಟ್ ತೋರಿಸಿದೆ. ಅವನು ಉಗುರಿನಿಂದ ರೆಸಿನ್ ಕೆರೆದು ನೋಡಿ, "ಸೆಟ್ ಚೊಲೋ ಇದೆ ಅಕ್ಕ, ಮೈಕ್ ಒಂದೇ ಖಲಾಸ್. ಪಿನ್ ತೆಗೆದು ಬೇರೆ ಹಾಕಿದ್ರೆ ಆಯ್ತು" ಎಂದ. ಹಾಕಿಯೂ ಹಾಕಿದ. ಅತ್ತೆ ಎದುರಿನ ಸ್ಟೂಲಿನ ಮೇಲೆ ಹೆಲ್ಮೆಟ್ ಹಾಕಿಕೊಂಡೇ ಕೂತಿದ್ದರು. ನಾನು ನನ್ನದನ್ನು ಹಾಕಿಕೊಂಡು ಮೆಲ್ಲಗೆ, "ಅತ್ತೆ" ಎಂದೆ.

ಅವರು ಬೆಚ್ಚಿದರು. ಅದನ್ನು ನಾನು ನೋಡಿದೆ. ಎದ್ದು ಬಂದು, ನನ್ನ ಗದ್ದದ ಹತ್ತಿರ ಕೈಹಾಕಿ, ಸಿಗಡಿಯ ತಲೆ ಮುರಿದ ಹಾಗೆ ಹೊಸ ಮೈಕನ್ನು ವೈರಿನಿಂದ ಮುರಿದು ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿಟ್ಟರು. "ಹಳೇದೇ ಹಾಕು. ಇದ್ರಲ್ಲಿ ಗಾಳಿ."

ಅಂಗಡಿಯಲ್ಲಿ ಫ್ಯಾನೂ ತಿರುಗುತ್ತಿರಲಿಲ್ಲ.

ಅವರು ತೀರಿಕೊಂಡ ದಿನ ನಾವು ಕುಮಟೆಯಿಂದ ಬರುತ್ತಿದ್ದೆವು. ಬೆಳಿಗ್ಗೆಯಿಂದ ಎಡತೋಳು ನೋಯುತ್ತದೆ ಎನ್ನುತ್ತಿದ್ದರು. ಆಸ್ಪತ್ರೆ ಎಂದದ್ದಕ್ಕೆ, "ಗ್ಯಾಸು. ನಿನ್ನ ಅಡುಗೆ ತಿಂದ್ರೆ ಮತ್ತೆಂತ ಆಗ್ತದೆ?" ಎಂದಿದ್ದರು. ಶರಾವತಿ ಸೇತುವೆಯ ಮೇಲೆ ಲಾರಿಯೊಂದು ಕೆಟ್ಟು ನಿಂತಿತ್ತು. ಮುಂದೆ ಬಸ್ಸು, ಹಿಂದೆ ಟ್ಯಾಂಕರು, ಪಕ್ಕದಲ್ಲಿ ಸೇತುವೆಯ ತಡೆಗೋಡೆ. ಎಲ್ಲರೂ ಹಾರ್ನ್ ಒತ್ತುತ್ತಿದ್ದರು.

ಕಿವಿಯಲ್ಲಿ ಅವರ ಉಸಿರು ಬೇರೆಯಾಯಿತು. ನಾನು ಎಡಗೈಯನ್ನು ಹಿಂದಕ್ಕೆ ಚಾಚಿದೆ. ಅದರ ಮೇಲೆ ಪಟ್ಟೆಂದು ಹೊಡೆದು, "ಕೈ ಹ್ಯಾಂಡಲ್ ಮೇಲಿಡು" ಎಂದರು.

ಆಮೇಲೆ: "ಕೇಳ್ತದೇನೇ?"

ಹಾರ್ನ್ ಹೊಡೆದೆ.

"ಏ ಹೆಣ್ಣೆ. ಕೇಳ್ತದೇನೇ?"

ಮತ್ತೆ ಹೊಡೆದೆ. ಬಸ್ಸು ಹೊಡೆಯಿತು, ಟ್ಯಾಂಕರು ಹೊಡೆಯಿತು.

"ಎಂತಕ್ಕೆ ಸುಮ್ನಿದ್ಯೇ? ಬಾಯಿ ಬಿಟ್ಟು ಹೇಳೇ."

ಅವರ ಹೆಲ್ಮೆಟ್ಟು ನನ್ನ ಹೆಲ್ಮೆಟ್ಟಿಗೆ ಬಡಿಯಿತು. ನಂತರ ಅವರ ಇಡೀ ಭಾರ ನನ್ನ ಬೆನ್ನ ಮೇಲೆ ಬಂತು. ಬಸ್ಸಿನಿಂದ ಇಳಿದು ಬಂದವರು ಅವರನ್ನು ಎತ್ತಿ ಮಲಗಿಸಿದರು. ಒಬ್ಬರು ಹೆಲ್ಮೆಟ್ ಬಿಚ್ಚಿದಾಗ ಸೀಳಿದ ಹಾಲೆ ಮಡಿಚಿ ಒಳಗೇ ಇತ್ತು. ಅದನ್ನು ನಾನು ಬಿಡಿಸಿದೆ. ಆಗಲೇ ಉಸಿರಿರಲಿಲ್ಲ.

"ಅವ್ವಿ ಕಡೆಗೆ ಎಂತ ಹೇಳ್ತು?" ಎಂದು ನಾದಿನಿ ಕೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳಿಗೆ ಸಿಟ್ಟು ಬಂತು. "ಸತ್ತವರ ಮೇಲೂ ಹಗೆ ಸಾಧಿಸ್ತ್ಯಾ?" ಎಂದಳು. ಬೊಜ್ಜದ ದಿನ ತಿಥಿಯೂಟದ ಪಂಕ್ತಿಯಲ್ಲಿ ಅವಳೇ ಯಾರಿಗೋ ಹೇಳುತ್ತಿದ್ದಳು: ಸೊಸೆಯ ಬೆನ್ನ ಮೇಲೆ ತಲೆಯಿಟ್ಟು, 'ನನ್ನ ಮಕ್ಕಳನ್ನು ನೋಡ್ಕೋ ಮಗಾ' ಅಂದಿತಂತೆ. ಗಂಡನೂ ಈಗ ಅದನ್ನೇ ಹೇಳುತ್ತಾನೆ. ಉಪ್ಪು ಹೆಚ್ಚಾಯಿತು ಎಂದುಕೊಂಡು ನಾನು ಸಾರು ಬಡಿಸುತ್ತ ಮುಂದೆ ಹೋದೆ.

ಈಗ ವ್ಯಾಪಾರ ನನ್ನದು. ಕುಮಟೆಯ ಅಂಗಡಿಯವರು ನನಗೂ ಹೆದರುತ್ತಾರೆ. ಬಂಗಡೆಯ ಬೆನ್ನು ಬಗ್ಗಿಸುವಾಗ ಕಿವಿಯಲ್ಲಿ 'ಮಳ್ಳಿ' ಎಂದು ಕೇಳಿಸದೆ ನಾನು ಒಂದು ಮಾಲನ್ನೂ ಒಪ್ಪಿಕೊಂಡಿಲ್ಲ. ಮೋಸವೂ ಹೋಗಿಲ್ಲ.

ಇನ್ನೊಂದು ಸಂಗತಿ ಇದೆ. ಅತ್ತೆಯ ಮೈಕು ಚೆನ್ನಾಗಿತ್ತು. ಹಾಗಾಗಿ ಸೇತುವೆಯ ಗದ್ದಲವೆಲ್ಲ ನನಗೆ ಎರಡೆರಡು ಸಲ ಕೇಳುತ್ತಿತ್ತು: ಒಮ್ಮೆ ನೇರವಾಗಿ, ಒಮ್ಮೆ ಅವರ ಮೈಕಿನೊಳಗಿಂದ. ನಾನು ಹೊಡೆದ ಹಾರ್ನೂ ಎರಡು ಸಲ ಕೇಳಿತು. ಅಂದರೆ ಅದು ಅವರಿರುವಲ್ಲಿಯವರೆಗೆ ಮುಟ್ಟಿತ್ತು. ಅಷ್ಟು ಹಾರ್ನುಗಳ ನಡುವೆ ನನ್ನದು ಯಾವುದೆಂದು ತಿಳಿಯಿತೋ ಇಲ್ಲವೋ ಗೊತ್ತಿಲ್ಲ. ಬಾಯಿ ಬಿಟ್ಟು ಹೇಳು ಎಂದರಲ್ಲ, ನಾನು ಆಗಲೇ ಬಾಯಿ ಬಿಟ್ಟಿದ್ದೆ. ಕೇಳ್ತದೆ ಅತ್ತೆ, ಕೇಳ್ತದೆ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದೆ.

ಆ ಕೂಗು ನನಗೆ ಒಂದೇ ಸಲ ಕೇಳಿತು.